ಪಿತ್ತಕೋಶದ ನೋವು: ಗಡಿಯಾರ ನೋಡಿ, ದಾರಿ ನೋಡಿ, ಹೊರಡಿ

ನಮ್ಮ ಗೋಣಿಕೊಪ್ಪದ ಕಡೆ ಎದೆಗೂಡಿನ ಕೆಳಗಿಂದ ಹೊಕ್ಕುಳದವರೆಗೆ ಎಲ್ಲಿ ನೋವು ಬಂದರೂ ಜನ ಗ್ಯಾಸ್ಟ್ರಿಕ್ ಅಂತಲೇ ಹೇಳುವುದು. ನಾನು ಮೆಡಿಕಲ್ ಶಾಪ್ ನಡೆಸುವವಳು, ಓದಿದ್ದು ಡಿ.ಫಾರ್ಮಾ. ಡಾಕ್ಟರ್ ಅಲ್ಲ, ಹಾಗಾಗಿ ನಿಮಗೆ ಇಂಥದ್ದೇ ಕಾಯಿಲೆ ಅಂತ ತೀರ್ಪು ಕೊಡುವ ಕೆಲಸ ನನ್ನದಲ್ಲ. ಆದರೆ ಕೌಂಟರಿನ ಒಳಗೆ ನಿಂತವರಿಗೆ ಒಂದು ವಿಷಯ ಡಾಕ್ಟರಿಗಿಂತ ಮೊದಲೇ ಕಾಣುತ್ತದೆ: ಯಾರು ಎಷ್ಟು ಸಲ ಅದೇ ಮಾತ್ರೆಗೆ ಬರುತ್ತಿದ್ದಾರೆ ಅನ್ನುವುದು. ಪ್ಯಾಂಟೊಪ್ರಜೋಲ್ ಒಂದು ಸ್ಟ್ರಿಪ್, ಜತೆಗೆ ಈನೋ ಎರಡು ಪ್ಯಾಕೆಟ್. ಮುಂದಿನ ಮದುವೆ ಊಟ ಮುಗಿದ ಮೇಲೆ ಮತ್ತೆ ಅದೇ. ಕೇಳಿದರೆ, "ಏನಿಲ್ಲ ಅಕ್ಕ, ಗ್ಯಾಸ್ ಬೆನ್ನಿಗೆ ಹೊಡೆದಿದೆ" ಅನ್ನುತ್ತಾರೆ.

ಬೆನ್ನಿಗೆ ಹೊಡೆಯುವ ಈ ಗ್ಯಾಸಿನಲ್ಲಿ ಒಂದಷ್ಟು ನಿಜಕ್ಕೂ ಪಿತ್ತಕೋಶದ ಕಲ್ಲು. ಅದನ್ನು ಹೇಗೆ ಗುರುತಿಸುವುದು, ಯಾವಾಗ ನಿಧಾನವಾಗಿ ಡಾಕ್ಟರನ್ನು ನೋಡಿದರೆ ಸಾಕು, ಯಾವಾಗ ರಾತ್ರಿಯೇ ಜೀಪ್ ತೆಗೆಯಬೇಕು ಎಂಬುದನ್ನು ಬರೆಯುತ್ತಿದ್ದೇನೆ. ನೋವಿನ ಜೋರನ್ನು ನೋಡಿ ನಿರ್ಧಾರ ಮಾಡಬೇಡಿ. ತಡೆದುಕೊಳ್ಳುವ ಶಕ್ತಿ ಒಬ್ಬೊಬ್ಬರಿಗೆ ಒಂದೊಂದು ಥರ. ನೋವು ಎಷ್ಟು ಹೊತ್ತು ನಿಂತಿತು, ಅದರ ಜತೆಗೆ ಇನ್ನೇನು ಬಂತು, ಈ ಎರಡೇ ಪ್ರಶ್ನೆ ಮುಖ್ಯ. ಕೊಡಗಿನಲ್ಲಿ ಇರುವವರಿಗೆ ಮೂರನೆಯದೂ ಒಂದುಂಟು: ಆಸ್ಪತ್ರೆ ಎಷ್ಟು ದೂರ?

ನೋವು ಬರುವ ರೀತಿ

ಪಿತ್ತಕೋಶ ಅಂದರೆ ಬಲಗಡೆ ಪಕ್ಕೆಲುಬಿನ ಕೆಳಗೆ ಲಿವರಿಗೆ ಅಂಟಿಕೊಂಡಿರುವ ಸಣ್ಣ ಚೀಲ. ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಿಸುತ್ತದೆ. ಅದರಲ್ಲಿ ಒಂದು ಪಾಲು ನೀರಿನಂಶ ಕಳೆದುಕೊಂಡು, ಗಟ್ಟಿಯಾಗಿ, 30ರಿಂದ 50 ಮಿ.ಲೀ.ನಷ್ಟು ಈ ಚೀಲದಲ್ಲಿ ಕೂತಿರುತ್ತದೆ. ಜಿಡ್ಡಿನ ಊಟ ಸಣ್ಣಕರುಳಿಗೆ ಇಳಿದ ಕೂಡಲೇ ಅಲ್ಲಿಂದ ಒಂದು ಹಾರ್ಮೋನ್ ಹೊರಟು ಚೀಲವನ್ನು ಹಿಂಡುತ್ತದೆ. ಚೀಲದ ಬಾಯಿಗೆ ಕಲ್ಲು ಅಡ್ಡ ಕೂತಿದ್ದರೆ ರಸ ಹೊರಗೆ ಹೋಗುವುದಿಲ್ಲ, ಹಿಂಡುವುದೂ ನಿಲ್ಲುವುದಿಲ್ಲ. ನೋವು ಅಲ್ಲಿಂದ.

ಹಾಗಾಗಿ ನಮ್ಮ ಕೊಡವ ಹಬ್ಬಗಳಾದ ಕೈಲ್‌ಪೊಳ್ದ್ ಮರುದಿನ, ಪುತ್ತರಿ ಮರುದಿನ, ಮದುವೆ ಸೀಸನ್ನಿನ ಸೋಮವಾರ ನಮ್ಮಲ್ಲಿ ಈ ಗಿರಾಕಿಗಳು ಜಾಸ್ತಿ. ಪಾಪ, ಎಲ್ಲರೂ ಪಂದಿ ಕರಿಯನ್ನು ಬೈಯುತ್ತಾರೆ. ಹಂದಿ ಮಾಂಸ ತಿಂದ ರಾತ್ರಿಯೇ ಕಲ್ಲು ಹುಟ್ಟುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗೆ ಬೆಳೆದ ಕಲ್ಲನ್ನು ಆ ಕೊಬ್ಬು ಅಲುಗಾಡಿಸಿತು ಅಷ್ಟೇ. ತುಪ್ಪ ಸುರಿದ ಹೋಳಿಗೆಯೂ ಅದನ್ನೇ ಮಾಡುತ್ತದೆ, ತೆಂಗಿನಹಾಲಿನ ಗಸಿಯೂ ಅದನ್ನೇ ಮಾಡುತ್ತದೆ. ಸಸ್ಯಾಹಾರಿಗಳಿಗೆ ಇದು ಬರುವುದಿಲ್ಲ ಅಂತ ಕೂರಬೇಡಿ.

ನೋವು ಸಾಮಾನ್ಯವಾಗಿ ಎದೆಗುಂಡಿಗೆಯ ಕೆಳಗೆ ನಡುವಿನಲ್ಲಿ ಅಥವಾ ಬಲ ಪಕ್ಕೆಯ ಕೆಳಗೆ ಶುರುವಾಗುತ್ತದೆ. ಹಿಂದಕ್ಕೆ ಹರಿದು ಬೆನ್ನಿನ ಬಲ ರೆಕ್ಕೆಗೆ, ಕೆಲವರಿಗೆ ಬಲ ಭುಜಕ್ಕೆ ಹೋಗುತ್ತದೆ. ಊಟವಾಗಿ ಒಂದೆರಡು ಗಂಟೆಗೆ ಬರಬಹುದು. ತುಂಬ ಜನರಿಗೆ ನಡುರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ಬಿಟ್ಟು ಬಿಟ್ಟು ಹಿಂಡುವ ಭೇದಿಯ ನೋವಿನ ಥರ ಅಲ್ಲ. ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಏರಿ, ಆಮೇಲೆ ಒಂದೇ ಸಮ ನಿಲ್ಲುತ್ತದೆ. ಎದ್ದು ಓಡಾಡಿದರೂ, ಮಗ್ಗುಲು ಬದಲಿಸಿದರೂ, ತೇಗಿದರೂ, ಕಕ್ಕಸಿಗೆ ಹೋಗಿ ಬಂದರೂ ಬದಲಾಗುವುದಿಲ್ಲ. ವಾಂತಿ ಆಗುತ್ತದೆ, ಆದರೆ ವಾಂತಿಯಿಂದ ಹಗುರ ಅನ್ನಿಸುವುದಿಲ್ಲ. ಒಂದು ಗಂಟೆಯೋ ಮೂರು ಗಂಟೆಯೋ ಕಳೆದ ಮೇಲೆ ಕಲ್ಲು ಹಿಂದೆ ಸರಿದು ನೋವು ತಾನಾಗಿ ಇಳಿಯುತ್ತದೆ. ಮರುದಿನ ಮನುಷ್ಯ ಆರಾಮ. ತೋಟಕ್ಕೂ ಹೋಗುತ್ತಾನೆ, ಹಾಕಿ ಮ್ಯಾಚಿಗೂ ಹೋಗುತ್ತಾನೆ. ಮೋಸ ಹೋಗುವುದೇ ಇಲ್ಲಿ. ಕೊನೆಗೆ ನುಂಗಿದ ಮಾತ್ರೆಗೆ ಗುಣ ಆಯಿತು ಅಂತ ಮನೆಯವರೆಲ್ಲ ನಂಬಿಬಿಡುತ್ತಾರೆ.

ಕೌಂಟರಿಗೆ ಬಂದವರನ್ನು ನಾನು ಮೊದಲು ಕೇಳುವುದು, "ಎಲ್ಲಿ ನೋವು, ಕೈ ಇಟ್ಟು ತೋರಿಸಿ". ಇಡೀ ಅಂಗೈಯನ್ನು ಬಲ ಪಕ್ಕೆಯ ಕೆಳಗೆ ಇಟ್ಟು, ಇನ್ನೊಂದು ಕೈಯನ್ನು ಬೆನ್ನ ಹಿಂದೆ ತಿರುಗಿಸಿ ರೆಕ್ಕೆ ತೋರಿಸಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಮೇಲೆ, ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಗಂಟೆಗೆ ನಿಂತಿತು, ಇದೇ ಜಾಗದಲ್ಲಿ ಹಿಂದೆ ಬಂದಿತ್ತೇ? ಎದೆಯುರಿ ಮೇಲಕ್ಕೆ ಬರುವುದು, ಹುಳಿತೇಗು, ಮಲಗಿದರೆ ಗಂಟಲಿಗೆ ಬರುವುದು, ಆಂಟಾಸಿಡ್ ಕುಡಿದ ಹತ್ತು ನಿಮಿಷಕ್ಕೆ ತಣ್ಣಗಾಗುವುದು, ಇವೆಲ್ಲ ಆಸಿಡ್ ಕಡೆಯ ಲಕ್ಷಣ. ಸೊಂಟದ ಪಕ್ಕದಿಂದ ತೊಡೆಸಂದಿಗೆ ಇಳಿಯುವ ನೋವು, ಮೂತ್ರಕ್ಕೆ ಉರಿ ಇದ್ದರೆ ಕಿಡ್ನಿ ಕಲ್ಲಿನ ಕಡೆ. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಹೋಗಿ ಕೂತರೆ ಅಪೆಂಡಿಕ್ಸ್ ಇರಬಹುದು.

ಹೃದಯದ ಮಾತು ಬೇರೆಯೇ ಹೇಳಬೇಕು. ನಲವತ್ತು ದಾಟಿದವರು, ಶುಗರ್, ಬಿ.ಪಿ. ಇರುವವರು, ಬೀಡಿ ಸಿಗರೇಟು ಸೇದುವವರು ಎದೆಗುಂಡಿಗೆಯ ಕೆಳಗೆ ನೋವು ಅಂತ ಬಂದರೆ, ಅದರ ಜತೆ ತಣ್ಣನೆಯ ಬೆವರು, ಉಬ್ಬಸ, ದವಡೆಗೋ ಎಡಗೈಗೋ ಎಳೆತ, ತಲೆ ಸುತ್ತು ಏನಾದರೂ ಇದ್ದರೆ, ಪಿತ್ತಕೋಶದ ವಿಚಾರ ಪಕ್ಕಕ್ಕಿಡಿ. ಮೊದಲು ಇ.ಸಿ.ಜಿ. ನಾನು ಇಂಥವರಿಗೆ ಗ್ಯಾಸ್ ಮಾತ್ರೆ ಕೊಡುವುದೇ ಇಲ್ಲ. ಬೈದುಕೊಂಡು ಪಕ್ಕದ ಅಂಗಡಿಗೆ ಹೋದವರೂ ಇದ್ದಾರೆ, ಹೋಗಲಿ.

ಗಡಿಯಾರ

ನೋವು ಶುರುವಾದ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಇದಕ್ಕಿಂತ ಉಪಯೋಗದ ಮನೆಮದ್ದು ನನಗೆ ಗೊತ್ತಿಲ್ಲ.

ಅರ್ಧ ಗಂಟೆಯಿಂದ ನಾಲ್ಕೈದು ಗಂಟೆಯೊಳಗೆ ಪೂರ್ತಿ ಇಳಿದು, ಜ್ವರ ಇಲ್ಲ, ಕಣ್ಣು ಹಳದಿ ಇಲ್ಲ ಅಂದರೆ ಆ ರಾತ್ರಿ ಓಡುವುದು ಬೇಡ. ಆದರೆ ಆ ವಾರದೊಳಗೆ ಡಾಕ್ಟರನ್ನು ನೋಡಿ ಸ್ಕ್ಯಾನ್ ಬರೆಸಿಕೊಳ್ಳಿ. ಒಂದು ಸಲ ಹೀಗೆ ಬಂದದ್ದು ಮತ್ತೆ ಬರುವುದೇ ಹೆಚ್ಚು, ಮತ್ತು ಮುಂದಿನ ಸಲ ಇಷ್ಟು ಸುಲಭವಾಗಿ ಬಿಡುತ್ತದೆ ಅನ್ನುವ ಖಾತ್ರಿ ಇಲ್ಲ.

ಆರು ಗಂಟೆ ದಾಟಿಯೂ ನೋವು ಕೂತೇ ಇದ್ದರೆ ಚೀಲ ಊದಿಕೊಂಡಿದೆ ಅಂತ ಅನುಮಾನಪಡಬೇಕು. ಡಾಕ್ಟರುಗಳು ಕೊಲೆಸಿಸ್ಟೈಟಿಸ್ ಅನ್ನುವುದು ಇದಕ್ಕೇ. ಆಗ ಬಲ ಪಕ್ಕೆಯ ಕೆಳಗೆ ಮುಟ್ಟಿದರೆ ನೋವು, ಜೋರಾಗಿ ಉಸಿರೆಳೆದರೆ ಅಲ್ಲೇ ಹಿಡಿದುಕೊಳ್ಳುತ್ತದೆ, ಕೆಮ್ಮಿದರೆ ಆಗುವುದಿಲ್ಲ, ಮೈ ಬಿಸಿಯಾಗುತ್ತದೆ. ಇದು ಮನೆಯಲ್ಲಿ ಬೆಳಗಾಗುವವರೆಗೆ ಕಾಯುವ ನೋವಲ್ಲ.

ಇನ್ನು ಕೆಲವಕ್ಕೆ ಗಡಿಯಾರವೇ ಬೇಡ, ಕಂಡ ತಕ್ಷಣ ಹೊರಡಬೇಕು. ಚಳಿ ನಡುಕದ ಜತೆ ಜ್ವರ. ಕಣ್ಣು ಹಳದಿ. ನಿಲ್ಲದ ವಾಂತಿ, ಒಂದು ಗುಟುಕು ನೀರೂ ನಿಲ್ಲುತ್ತಿಲ್ಲ ಅನ್ನುವ ಸ್ಥಿತಿ. ಹೊಟ್ಟೆ ಹಲಗೆ ಹಾಗೆ ಬಿಗಿಯುವುದು. ಎದೆಗುಂಡಿಗೆಯಿಂದ ನೇರ ಬೆನ್ನಿಗೆ ಕೊರೆದು, ಮಲಗಿದರೆ ಹೆಚ್ಚಾಗಿ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಕಡಿಮೆ ಅನ್ನಿಸುವ ನೋವು. ಈ ಕೊನೆಯದು ಕಲ್ಲು ಜಾರಿ ಮೇದೋಜೀರಕ ಗ್ರಂಥಿಯ ಬಾಯಿಗೆ ಅಡ್ಡ ಕೂತಾಗ ಬರುವ ಪ್ಯಾಂಕ್ರಿಯಾಟೈಟಿಸ್ ಇರಬಹುದು. ಜ್ವರ, ಹಳದಿ, ನೋವು ಮೂರೂ ಒಟ್ಟಿಗೆ ಇದ್ದರೆ ಪಿತ್ತನಾಳದಲ್ಲೇ ಕೀವು, ಸೋಂಕು. ಅಲ್ಲಿ ಒಂದೊಂದು ಗಂಟೆಗೂ ಲೆಕ್ಕ ಉಂಟು. ವಯಸ್ಸಾದವರು ಇಂಥ ಸಮಯದಲ್ಲಿ ಏನೇನೋ ಮಾತಾಡಲು ಶುರುಮಾಡುತ್ತಾರೆ, ಮಂಪರಿಗೆ ಹೋಗುತ್ತಾರೆ. "ಅಜ್ಜನಿಗೆ ಜ್ವರ ನೆತ್ತಿಗೇರಿದೆ" ಅಂತ ಒದ್ದೆಬಟ್ಟೆ ಹಾಕಿಕೊಂಡು ಕೂರಬೇಡಿ.

ಎಪ್ಪತ್ತು ದಾಟಿದವರು, ವರ್ಷಗಟ್ಟಲೆ ಶುಗರ್ ಇರುವವರು, ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಇವರಿಗೆ ಈ ಗಂಟೆಗಳ ಲೆಕ್ಕವನ್ನು ಅರ್ಧಕ್ಕೆ ಇಳಿಸಿ. ಒಳಗೆ ಚೀಲ ಕೊಳೆಯುತ್ತಿದ್ದರೂ ಇವರಿಗೆ ನೋವು ಅಷ್ಟಾಗಿ ಗೊತ್ತಾಗದೆ ಇರಬಹುದು. ಊಟ ಬೇಡ, ಸುಸ್ತು, ಸಣ್ಣ ಜ್ವರ, ಅಷ್ಟೇ ಕಾಣುತ್ತದೆ. ಗರ್ಭಿಣಿಯರಿಗೆ ಬಲ ಪಕ್ಕೆಯ ಕೆಳಗೆ ನೋವು ಬಂದರೆ ಅದೇ ದಿನ ತೋರಿಸಿ. ಬಸುರಿನಲ್ಲಿ ಕಲ್ಲು ಆಗುವುದೂ ಹೆಚ್ಚು. ಅದಲ್ಲದೆ ತಲೆನೋವು, ಕಣ್ಣು ಮಂಜು, ಕೈಕಾಲು ಮುಖ ಊತ ಇದ್ದರೆ ಬಿ.ಪಿ. ಏರಿ ಲಿವರಿಗೆ ಪೆಟ್ಟಾಗಿರುವ ಸಾಧ್ಯತೆಯೂ ಉಂಟು. ಅದು ತಾಯಿ ಮಗು ಇಬ್ಬರಿಗೂ ಅಪಾಯ.

ದಾರಿಯ ಲೆಕ್ಕ

ಬೆಂಗಳೂರಿನವರು "ಆರು ಗಂಟೆ ನೋಡಿ" ಅಂತ ಬರೆದರೆ ಅವರಿಗೆ ಸರಿ. ನಮಗೆ ಅದರಲ್ಲಿ ದಾರಿಯ ಹೊತ್ತನ್ನು ಕಳೆಯಬೇಕು. ಕೊಡಗಿಗೆ ರೈಲಿಲ್ಲ. ಗೋಣಿಕೊಪ್ಪದಿಂದ ಮೈಸೂರಿಗೆ ಸುಮಾರು 90 ಕಿಲೋಮೀಟರ್, ನಡುವೆ ತಿತಿಮತಿ ದಾಟಿದ ಮೇಲೆ ಆನೆಚೌಕೂರಿನ ಕಾಡು, ರಾತ್ರಿ ಆನೆ ರಸ್ತೆಗೆ ಬಂದರೆ ನಿಂತೇ ಇರಬೇಕು. ಕುಟ್ಟದವರಿಗೆ ನಾಗರಹೊಳೆಯ ಒಳದಾರಿ ರಾತ್ರಿ ಮುಚ್ಚಿರುತ್ತದೆ. ಬಿರುನಾಣಿ, ಶ್ರೀಮಂಗಲದ ಕಡೆ ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿಕೊಳ್ಳುವುದು ಹೊಸ ವಿಷಯವಲ್ಲ, ಅದರ ಜತೆ ಕರೆಂಟೂ ಇಲ್ಲ, ಫೋನಿಗೆ ರೇಂಜೂ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ದಾರಿಯೇ ಇಲ್ಲವಾಗಿತ್ತು.

ಹಾಗಾಗಿ ನಾನು ಹೇಳುವುದು ಇಷ್ಟು: ಸಂಜೆ ನಾಲ್ಕಕ್ಕೆ ಶುರುವಾದ ನೋವು ಆರೂವರೆಗೆ ಇಳಿಯುವ ಲಕ್ಷಣ ಕಾಣದಿದ್ದರೆ, ಬೆಳಕಿರುವಾಗಲೇ ಹೊರಡಿ. ಮೊದಲು ಹತ್ತಿರದ ಸರಕಾರಿ ಆಸ್ಪತ್ರೆ ಸಾಕು. ಗೋಣಿಕೊಪ್ಪದ ಸಮುದಾಯ ಆರೋಗ್ಯ ಕೇಂದ್ರವೋ ವಿರಾಜಪೇಟೆಯ ತಾಲೂಕು ಆಸ್ಪತ್ರೆಯೋ, ಅಲ್ಲಿ ಇ.ಸಿ.ಜಿ. ತೆಗೆದು, ಡ್ರಿಪ್ ಹಾಕಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಮುಂದೆ ಕಳುಹಿಸಬೇಕೇ ಅಂತ ನೋಡುತ್ತಾರೆ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಉಂಟು. ಕಣ್ಣು ಹಳದಿಯಾಗಿದ್ದರೆ ಪಿತ್ತನಾಳದ ಕಲ್ಲನ್ನು ಬಾಯಿಯ ಮೂಲಕ ಟ್ಯೂಬ್ ಇಳಿಸಿ ತೆಗೆಯುವ ಇ.ಆರ್.ಸಿ.ಪಿ. ಬೇಕಾಗಬಹುದು. ಅದು ಎಲ್ಲ ಆಸ್ಪತ್ರೆಯಲ್ಲೂ, ಎಲ್ಲ ದಿನವೂ ಇರುವುದಿಲ್ಲ. ಮೈಸೂರಿಗೋ ಮಂಗಳೂರಿಗೋ ಹೊರಡುವ ಮೊದಲು, "ಇ.ಆರ್.ಸಿ.ಪಿ. ಮಾಡುವ ಡಾಕ್ಟರ್ ಇವತ್ತು ಇದ್ದಾರಾ" ಅಂತ ಫೋನಿನಲ್ಲೇ ಕೇಳಿಕೊಳ್ಳಿ. 108ಕ್ಕೆ ಕರೆ ಮಾಡುವಾಗ ತೋಟದ ಹೆಸರಿನ ಜತೆ ಹತ್ತಿರದ ಬಸ್‌ಸ್ಟ್ಯಾಂಡ್, ಅಂಗಡಿ, ಶಾಲೆ ಯಾವುದಾದರೂ ಗುರುತು ಹೇಳಿ, ಗೇಟಿನ ಹತ್ತಿರ ಟಾರ್ಚ್ ಹಿಡಿದು ಒಬ್ಬರನ್ನು ನಿಲ್ಲಿಸಿ.

ಹೊರಡುವ ಮೊದಲು ಊಟ, ಗಂಜಿ, ಹಾಲು ಏನೂ ಕೊಡಬೇಡಿ. ಬಾಯಿ ಒಣಗಿದರೆ ಒಂದೆರಡು ಗುಟುಕು ನೀರು ಸಾಕು. ತಿಂದರೆ ಚೀಲ ಹಿಂಡಿ ನೋವು ಹೆಚ್ಚುತ್ತದೆ, ಸ್ಕ್ಯಾನೂ ಸರಿಯಾಗಿ ಕಾಣುವುದಿಲ್ಲ. ಹೊಟ್ಟೆನೋವಿಗೆ ಒಂದು ಪೆಗ್ ಬ್ರಾಂದಿ ಹಾಕಿದರೆ ಸರಿಯಾಗುತ್ತದೆ ಅನ್ನುವ ನಮ್ಮೂರ ಮನೆವೈದ್ಯ ಅಂತೂ ಬೇಡವೇ ಬೇಡ, ಪ್ಯಾಂಕ್ರಿಯಾಟೈಟಿಸ್ ಇದ್ದರೆ ಅದು ಬೆಂಕಿಗೆ ಎಣ್ಣೆ. ದಿನಾ ನುಂಗುವ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ. ರಕ್ತ ತೆಳು ಮಾಡುವ ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ್ದು ಇದ್ದರೆ ಕೇಳುವ ಮೊದಲೇ ಹೇಳಿಬಿಡಿ. ಆಧಾರ್, ರೇಷನ್ ಕಾರ್ಡ್ ಜತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಂಟು. ನಿಮ್ಮ ಆಪರೇಷನ್ ಆ ಆಸ್ಪತ್ರೆಯಲ್ಲಿ ಅದರಡಿ ಬರುತ್ತದೆಯೇ ಅಂತ ಅಡ್ಮಿಟ್ ಆಗುವಾಗಲೇ ಡೆಸ್ಕಿನಲ್ಲಿ ಕೇಳಿ.

ಹಳದಿ ಕಣ್ಣು, ಕೆಂಪು ಮೂತ್ರ, ನಾಟಿ ಮದ್ದು

ಕಣ್ಣಿನ ಬಿಳಿಭಾಗವನ್ನು ಹಗಲು ಬೆಳಕಿನಲ್ಲಿ ನೋಡಿ. ಬಲ್ಬಿನ ಕೆಳಗೆ ಎಲ್ಲರ ಕಣ್ಣೂ ಹಳದಿಯೇ. ಕಲ್ಲು ಪಿತ್ತನಾಳಕ್ಕೆ ಅಡ್ಡ ಬಂದು ಹಳದಿಯಾದರೆ ಮೂತ್ರ ನಮ್ಮ ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಮಲ ಮಾತ್ರ ಬಣ್ಣ ಕಳೆದುಕೊಂಡು ಬಿಳಿಮಣ್ಣಿನ ಥರ ಆಗುತ್ತದೆ, ಮೈಯೆಲ್ಲ ತುರಿಕೆ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ಪಾಯಸ ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ಒಂದೆರಡು ದಿನಕ್ಕೆ ಹೋಗುತ್ತದೆ, ಹೆದರಬೇಕಾಗಿಲ್ಲ. ಮದುವೆಯಾಗಿ ಹೊಸದಾಗಿ ಈ ಜಿಲ್ಲೆಗೆ ಬಂದ ಸೊಸೆಯಂದಿರು ಹೆದರಿ ಅಂಗಡಿಗೆ ಓಡಿಬರುತ್ತಾರೆ, ಅವರಿಗೆ ಹೇಳಿ ಕಳುಹಿಸುತ್ತೇನೆ. ಆದರೆ ಅದೇ ಆಗಸ್ಟಿನಲ್ಲಿ ಕಣ್ಣು ಹಳದಿ, ಮೂತ್ರ ಕಪ್ಪು, ಮಲ ಬಿಳಿ ಇದ್ದವರೂ "ಮದ್ದುಸೊಪ್ಪು ತಿಂದಿದ್ದೆ" ಅಂದುಕೊಂಡು ಸುಮ್ಮನಿದ್ದರೆ ಕಷ್ಟ.

ಜಾಂಡೀಸ್ ಅಂದ ಕೂಡಲೇ ನಮ್ಮಲ್ಲಿ ನಾಟಿ ಮದ್ದು. ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುವವರು, ಮೂರು ದಿನ ಉಪ್ಪು ಬಿಡಿಸುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೀರಿನಿಂದ ಬರುವ ವೈರಸ್ ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಮದ್ದಿಗೆ ಹೋಗುತ್ತದೆ. ಆದರೆ ನಾಳದಲ್ಲಿ ಕಲ್ಲು ಕೂತು ಆದ ಕಾಮಾಲೆಗೆ ಯಾವ ಸೊಪ್ಪಿನ ರಸವೂ ದಾರಿ ಬಿಡಿಸಿಕೊಡುವುದಿಲ್ಲ, ಆ ಮೂರು ದಿನದಲ್ಲಿ ಒಳಗೆ ಕೀವಾಗಬಹುದು. ನಾಟಿ ಮಾಡಿ ಗದ್ದೆಯಿಂದ ಬಂದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗಿ ಆಮೇಲೆ ಹಳದಿ ಬಂದರೆ ಅದು ಇಲಿಜ್ವರವೂ ಇರಬಹುದು. ಅದಕ್ಕೆ ಬೇರೆಯೇ ಔಷಧಿ, ಅದೂ ಬೇಗ ಬೇಕು. ಹಳದಿ ಕಂಡರೆ ಮೊದಲು ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಮಾಡಿಸಿ, ಯಾವ ಕಾಮಾಲೆ ಅಂತ ಗೊತ್ತಾಗಲಿ. ಮುಂದಿನ ಮಾತು ಆಮೇಲೆ.

ಕಲ್ಲು ಯಾರಿಗೆ?

ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು. ನಲವತ್ತರ ಮೇಲೆ ಹೆಚ್ಚು. ತೂಕ ಹೆಚ್ಚಿದ್ದರೆ, ಹಲವು ಹೆರಿಗೆ ಆಗಿದ್ದರೆ, ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮನೆಯಲ್ಲಿ ತಾಯಿಗೋ ಅಕ್ಕನಿಗೋ ಇದ್ದರೆ ಹೆಚ್ಚು. ಮದುವೆಗೆ ಸೀರೆ ಚೆನ್ನಾಗಿ ಕಾಣಲಿ ಅಂತ ಎರಡು ತಿಂಗಳು ಉಪವಾಸ ಬಿದ್ದು ದಬದಬ ತೂಕ ಇಳಿಸಿದವರಿಗೂ ಬರುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ ಇಳಿಸಬೇಡಿ.

ಇದೆಲ್ಲ ಎಲ್ಲ ಕಡೆಯೂ ಹೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಉಂಟು, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಾಡಿಗಳಲ್ಲಿರುವ ಬುಡಕಟ್ಟಿನ ಯರವರಲ್ಲಿ, ಜೇನುಕುರುಬರಲ್ಲಿ ಸಿಕಲ್ ಸೆಲ್ ರಕ್ತದೋಷ ಇರುವ ಕುಟುಂಬಗಳಿವೆ. ಅವರ ಕೆಂಪುರಕ್ತಕಣಗಳು ಬೇಗ ಬೇಗ ಒಡೆಯುತ್ತವೆ, ಒಡೆದಾಗ ಬರುವ ಬಿಲಿರುಬಿನ್ ಅನ್ನುವ ಹಳದಿ ಬಣ್ಣದ ವಸ್ತು ಪಿತ್ತರಸಕ್ಕೆ ಸೇರಿ ಕಪ್ಪು ಕಲ್ಲುಗಳಾಗುತ್ತವೆ. ಹಾಗಾಗಿ ಅವರಲ್ಲಿ ಹದಿನಾಲ್ಕು ಹದಿನೈದರ ಹುಡುಗರಿಗೂ ಕಲ್ಲು ಇರಬಹುದು, ತೆಳ್ಳಗಿದ್ದರೂ ಇರಬಹುದು. ಕಣ್ಣು ಯಾವಾಗಲೂ ಸ್ವಲ್ಪ ಹಳದಿ ಇರುವುದರಿಂದ ಹೊಸ ಹಳದಿ ಯಾರ ಗಮನಕ್ಕೂ ಬರುವುದಿಲ್ಲ. ಹೊಟ್ಟೆನೋವು ಬಂದರೆ ಸಿಕಲ್ ಸೆಲ್ಲಿನ ನೋವೋ ಕಲ್ಲಿನದೋ ಅಂತ ನೋಡಿ ಹೇಳಲು ಆಗುವುದಿಲ್ಲ. ತೋಟದ ಕೂಲಿಯವರ ಲೈನ್ ಮನೆಯ ಹುಡುಗನೊಬ್ಬ ಊಟ ಆದಾಗಲೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಾನೆ ಅಂದರೆ ತೋಟದ ರೈಟರುಗಳು, ಯಜಮಾನರು ಅದನ್ನು "ಕೆಲಸಕ್ಕೆ ಕಳ್ಳ" ಅಂತ ತಳ್ಳಿಹಾಕದೆ ಸ್ಕ್ಯಾನಿಗೆ ಕಳುಹಿಸಬೇಕು. 2023ರಲ್ಲಿ ಕೇಂದ್ರ ಸರಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಗಿದೆ. ಅದರಲ್ಲಿ ಪರೀಕ್ಷೆ ಮಾಡಿ ಕೊಟ್ಟ ಕಾರ್ಡ್ ಇದ್ದರೆ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.

ಸ್ಕ್ಯಾನ್ ರಿಪೋರ್ಟ್ ಓದುವುದು

ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಗೆ ಆರರಿಂದ ಎಂಟು ಗಂಟೆ ಏನೂ ತಿನ್ನದೆ ಹೋಗಬೇಕು. ತಿಂದಿದ್ದರೆ ಚೀಲ ಖಾಲಿಯಾಗಿ ಕುಗ್ಗಿರುತ್ತದೆ, ಕಲ್ಲು ಕಾಣದೆ ಹೋಗಬಹುದು. ಬೆಳಗಿನ ಕಾಫಿಯನ್ನೂ ಬಿಡಿ. ಕಾಫಿಯೂ ಚೀಲವನ್ನು ಹಿಂಡಿಸುತ್ತದೆ, ಕಲ್ಲಿರುವ ಕೆಲವರಿಗೆ ಒಂದು ಲೋಟ ಕಾಫಿಯೇ ನೋವು ತರುತ್ತದೆ. (ದಿನಾ ಕಾಫಿ ಕುಡಿಯುವವರಲ್ಲಿ ಕಲ್ಲು ಕಡಿಮೆ ಅಂತಲೂ ಅಧ್ಯಯನಗಳಿವೆ. ನಮ್ಮ ಬೆಳೆಗಾರರು ಆ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ.)

ರಿಪೋರ್ಟಿನಲ್ಲಿ ಕ್ಯಾಲ್ಕುಲೈ ಅಥವಾ ಕೊಲೆಲಿಥಿಯಾಸಿಸ್ ಅಂತಿದ್ದರೆ ಕಲ್ಲು ಇದೆ ಅಂತ ಅರ್ಥ. ಸ್ಲಡ್ಜ್ ಅಂದರೆ ಇನ್ನೂ ಕಲ್ಲಾಗದ ಕೆಸರು. ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ ಕೆಲವು ದಿನ ತೆಗೆದುಕೊಂಡವರಲ್ಲೂ ಈ ಕೆಸರು ಕಂಡು, ಔಷಧಿ ನಿಂತ ಮೇಲೆ ಹೋಗುವುದುಂಟು. ಈ ಇಂಜೆಕ್ಷನ್ ಆಗಿದ್ದರೆ ಹೇಳಿ. ವಾಲ್ ಥಿಕ್‌ನೆಸ್ 3 ಮಿ.ಮೀ. ದಾಟಿದ್ದರೆ, ಚೀಲದ ಸುತ್ತ ನೀರು ಇದೆ ಅಂತ ಬರೆದಿದ್ದರೆ ಊತ ಶುರುವಾಗಿದೆ ಅನ್ನುವ ಸೂಚನೆ, ಆ ರಿಪೋರ್ಟ್ ಹಿಡಿದುಕೊಂಡು ಮನೆಗೆ ಬರಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಸಿ.ಬಿ.ಡಿ. ಅಂದರೆ ಮುಖ್ಯ ಪಿತ್ತನಾಳ, ಸಾಮಾನ್ಯವಾಗಿ 6 ಮಿ.ಮೀ. ಒಳಗೆ ಇರುತ್ತದೆ, ವಯಸ್ಸಾದವರಿಗೆ ಸ್ವಲ್ಪ ಹೆಚ್ಚು. ಅಗಲವಾಗಿದ್ದರೆ ಅಲ್ಲೂ ಕಲ್ಲು ಇಳಿದಿರಬಹುದು. ನಾಳದ ಕಲ್ಲು ಈ ಸ್ಕ್ಯಾನಿಗೆ ಅಷ್ಟು ಚೆನ್ನಾಗಿ ಸಿಗುವುದಿಲ್ಲ, ನಾಳವನ್ನು ತೋರಿಸುವ ಎಂ.ಆರ್.ಐ. ಸ್ಕ್ಯಾನ್, ಅಂದರೆ ಎಂ.ಆರ್.ಸಿ.ಪಿ. ಬರೆದುಕೊಟ್ಟರೆ ಅದು ಸುಮ್ಮನೆ ದುಡ್ಡು ಮಾಡಲು ಅಂತ ತಿಳಿಯಬೇಡಿ. ಪಾಲಿಪ್, ಅಂದರೆ ಚೀಲದ ಒಳಗೋಡೆಯಲ್ಲಿ ಬೆಳೆದ ಗಂಟು, 10 ಮಿ.ಮೀ. ಅಥವಾ ಹೆಚ್ಚಿದ್ದರೆ ಸರ್ಜನ್ ನೋಡಲೇಬೇಕು.

"ನನ್ನದು 3 ಮಿ.ಮೀ. ಅಷ್ಟೇ, ಸಣ್ಣದು" ಅಂತ ಸಮಾಧಾನ ಮಾಡಿಕೊಳ್ಳುವವರಿಗೆ ಒಂದು ಮಾತು. ಚೀಲದಿಂದ ಜಾರಿ ನಾಳಕ್ಕೆ ಹೋಗಲು ಸಣ್ಣ ಕಲ್ಲಿಗೇ ಸುಲಭ.

ಇನ್ನು, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿತು, ನೋವು ಒಂದು ದಿನವೂ ಬಂದಿಲ್ಲ ಅನ್ನುವವರು ಬಹಳ. ಇಂಥವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ, ಆಪರೇಷನ್ನೂ ಬೇಕಾಗುವುದಿಲ್ಲ. 3 ಸೆಂ.ಮೀ.ಗಿಂತ ದೊಡ್ಡ ಕಲ್ಲು, ಚೀಲದ ಗೋಡೆಗೆ ಸುಣ್ಣ ಕಟ್ಟಿರುವುದು, ಸಿಕಲ್ ಸೆಲ್, ಇಂಥದ್ದಿದ್ದರೆ ಮಾತ್ರ ಡಾಕ್ಟರ್ ಬೇರೆ ರೀತಿ ಯೋಚಿಸಬಹುದು. ನೋವಿಲ್ಲದ ಕಲ್ಲಿಗೆ ನಾಳೆಯೇ ಅಡ್ಮಿಟ್ ಆಗಿ ಅಂತ ಯಾರಾದರೂ ಅವಸರಪಡಿಸಿದರೆ ಇನ್ನೊಬ್ಬ ಸರ್ಜನ್ ಹತ್ತಿರ ಕೇಳಿ. ಕೇಳುವುದು ತಪ್ಪಲ್ಲ.

ಕರಗಿಸುವ ಮದ್ದುಗಳು

ಬಾಳೆದಿಂಡಿನ ರಸ ಕುಡಿಯಿರಿ, ಕಲ್ಲು ಹೋಗುತ್ತದೆ ಅನ್ನುತ್ತಾರೆ. ಅವರು ಹೇಳುವುದು ಕಿಡ್ನಿ ಕಲ್ಲಿಗೆ. ಕಿಡ್ನಿ ಕಲ್ಲು ಮೂತ್ರದಲ್ಲಿ ಹೋಗುತ್ತದೆ, ಪಿತ್ತಕೋಶದ ಕಲ್ಲಿಗೆ ಆ ದಾರಿಯೇ ಇಲ್ಲ. ಪಂದಿ ಕರಿಗೆ ಹಾಕುವ ನಮ್ಮ ಕಪ್ಪು ಹುಳಿ ಕಾಚಂಪುಳಿಯನ್ನು ನೀರಿಗೆ ಹಾಕಿ ಬೆಳಗ್ಗೆ ಕುಡಿಯುವವರನ್ನೂ ನೋಡಿದ್ದೇನೆ. ಹೊಟ್ಟೆ ಉರಿ ಬಂದು ಕೊನೆಗೆ ನನ್ನ ಹತ್ತಿರವೇ ಪ್ಯಾಂಟೊಪ್ರಜೋಲಿಗೆ ಬಂದರು. ಆಲಿವ್ ಎಣ್ಣೆಗೆ ನಿಂಬೆರಸ ಸೇರಿಸಿ ರಾತ್ರಿ ಕುಡಿದರೆ ಬೆಳಗ್ಗೆ ಹಸಿರು ಕಲ್ಲುಗಳು ಮಲದಲ್ಲಿ ಬೀಳುತ್ತವೆ ಅಂತ ಮೊಬೈಲಿನಲ್ಲಿ ಬರುವುದು ಇನ್ನೊಂದು. ಬೀಳುವುದು ನಿಜ. ಆದರೆ ಅದು ಕಲ್ಲಲ್ಲ, ಕುಡಿದ ಎಣ್ಣೆ ಕರುಳಿನಲ್ಲಿ ಸೋಪಿನ ಉಂಡೆಯಾದದ್ದು. ಅಷ್ಟು ಎಣ್ಣೆ ಒಟ್ಟಿಗೆ ಕುಡಿದರೆ ಚೀಲ ಜೋರಾಗಿ ಹಿಂಡಿ, ಸುಮ್ಮನಿದ್ದ ಕಲ್ಲು ನಾಳಕ್ಕೆ ಬರುವ ಅಪಾಯ ಉಂಟು.

ಅಂಗಡಿಯಲ್ಲಿ ಸಿಗುವ ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ನಿಜವಾದ ಔಷಧಿ. ಆದರೆ ಸಣ್ಣ, ಸುಣ್ಣ ಕಟ್ಟದ ಕೊಲೆಸ್ಟ್ರಾಲ್ ಕಲ್ಲಿಗೆ ಮಾತ್ರ, ಅದೂ ಚೀಲ ಸರಿಯಾಗಿ ಕೆಲಸ ಮಾಡುತ್ತಿದ್ದರೆ, ತಿಂಗಳುಗಟ್ಟಲೆಯಿಂದ ಎರಡು ವರ್ಷದವರೆಗೆ ನುಂಗಬೇಕು, ಕರಗಿದವರಲ್ಲಿ ಸುಮಾರು ಅರ್ಧ ಜನಕ್ಕೆ ಐದು ವರ್ಷದೊಳಗೆ ಮತ್ತೆ ಬರುತ್ತದೆ. ಕಪ್ಪು ಕಲ್ಲಿಗೆ ಇದು ನಾಟುವುದೇ ಇಲ್ಲ. ಪಕ್ಕದ ಮನೆಯವರ ಚೀಟಿ ತಂದು ಕೇಳಿದರೆ ನಾನು ಕೊಡುವುದಿಲ್ಲ. ನೋವಿಗೆ ಡ್ರೊಟಾವೆರಿನ್, ಡೈಕ್ಲೋಫೆನಾಕ್ ಡಾಕ್ಟರ್ ಬರೆದುಕೊಟ್ಟಿದ್ದರೆ ತೆಗೆದುಕೊಳ್ಳಿ, ಆದರೆ ಕಿಡ್ನಿ ತೊಂದರೆ, ಅಲ್ಸರ್ ಇದ್ದವರು ಡೈಕ್ಲೋಫೆನಾಕ್ ತಂಟೆಗೆ ಹೋಗಬೇಡಿ. ಮಾತ್ರೆಗೆ ನೋವು ಇಳಿದ ಮೇಲೂ ಜ್ವರ ಬಂದಿದೆಯೇ, ಕಣ್ಣು ಹೇಗಿದೆ ಅಂತ ನೋಡುತ್ತಿರಿ. ಅವು ನೋವನ್ನು ಮುಚ್ಚುತ್ತವೆ, ಊತವನ್ನಲ್ಲ.

ಆಪರೇಷನ್ ಯಾವಾಗ

ನೋವು ಕೊಟ್ಟ ಕಲ್ಲಿಗೆ ಚೀಲವನ್ನೇ ತೆಗೆಯುವುದು ಚಿಕಿತ್ಸೆ. ಕಲ್ಲು ಮಾತ್ರ ತೆಗೆದು ಚೀಲ ಬಿಟ್ಟರೆ ಮತ್ತೆ ಕಲ್ಲಾಗುತ್ತದೆ. ಚೀಲ ಇಲ್ಲದಿದ್ದರೂ ಲಿವರ್ ಪಿತ್ತರಸ ತಯಾರಿಸುತ್ತದೆ, ಅದು ನೇರ ಕರುಳಿಗೆ ಹೋಗುತ್ತದೆ. ಕೆಲವರಿಗೆ ಮೊದಮೊದಲು ಜಿಡ್ಡು ತಿಂದರೆ ಭೇದಿಯಾಗುತ್ತದೆ, ನಿಧಾನಕ್ಕೆ ಸರಿಹೋಗುತ್ತದೆ. ಈಗ ಹೆಚ್ಚಾಗಿ ಮೂರು ನಾಲ್ಕು ಸಣ್ಣ ತೂತಿನ ಲ್ಯಾಪ್ರೋಸ್ಕೋಪಿ. ತೊಂದರೆ ಇಲ್ಲದಿದ್ದರೆ ಒಂದೆರಡು ದಿನಕ್ಕೆ ಮನೆ. ಒಳಗೆ ತುಂಬ ಅಂಟಿಕೊಂಡಿದ್ದರೆ ಮಧ್ಯದಲ್ಲೇ ಹೊಟ್ಟೆ ತೆರೆದು ಮಾಡಬೇಕಾಗಬಹುದು. ಸಹಿ ಮಾಡುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.

ನಮ್ಮವರು ಎಲ್ಲದಕ್ಕೂ ಹೇಳುವ ಮಾತು, "ಕಾಫಿ ಕೊಯ್ಲು ಮುಗಿಯಲಿ". ನೋವು ಬಂದು ಹೋಗುವ ಹಂತದಲ್ಲಿದ್ದರೆ ಸರ್ಜನ್ ಹತ್ತಿರ ಮಾತಾಡಿ ಒಂದು ದಿನ ಗೊತ್ತುಮಾಡಿಕೊಳ್ಳಬಹುದು. ನನ್ನ ಕೇಳಿದರೆ ಕೊಯ್ಲು ಶುರುವಾಗುವ ಮೊದಲೇ ಮುಗಿಸಿ. ರೊಬಸ್ಟಾ ಕೊಯ್ಲಿನ ಜನವರಿಯಲ್ಲಿ ನೋವು ಬಂದು ಮಲಗಿದರೆ ತೋಟವೂ ಹೋಯಿತು, ಆರೋಗ್ಯವೂ ಹೋಯಿತು. ಚೀಲ ಈಗಾಗಲೇ ಊದಿ ಅಡ್ಮಿಟ್ ಆಗಿದ್ದರೆ ಮಾತ್ರ ಮುಂದೂಡುವ ಮಾತೇ ಬೇಡ. ಊತ ಶುರುವಾದ ಮೊದಲ ಎರಡು ಮೂರು ದಿನದೊಳಗೆ ಮಾಡಿದರೆ ಸುಲಭ, ತಡವಾದಷ್ಟೂ ಒಳಗೆ ಅಂಟು ಹೆಚ್ಚು. ಆಪರೇಷನ್ ಆಗಿ ಒಂದೆರಡು ವಾರಕ್ಕೆ ಓಡಾಡುವ ಕೆಲಸ ಮಾಡಬಹುದು. 50 ಕಿಲೋ ಚೀಲ ಹೊರುವುದು, ಮೆಣಸು ಕೊಯ್ಯಲು ಏಣಿ ಹತ್ತುವುದು ನಾಲ್ಕರಿಂದ ಆರು ವಾರ ಬೇಡ, ಡಾಕ್ಟರ್ ಸರಿ ಅಂದ ಮೇಲೆಯೇ. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬುವುದು, ನೋವು ದಿನದಿಂದ ದಿನಕ್ಕೆ ಹೆಚ್ಚುವುದು, ಜ್ವರ, ಕಣ್ಣು ಹಳದಿ ಕಂಡರೆ ಹೊಲಿಗೆ ತೆಗೆಸುವ ದಿನಕ್ಕೆ ಕಾಯಬೇಡಿ, ಆಪರೇಷನ್ ಮಾಡಿದಲ್ಲಿಗೇ ವಾಪಸ್ ಹೋಗಿ.

ಡಿಸ್ಚಾರ್ಜ್ ಆಗುವಾಗ ಡಬ್ಬಿಯಲ್ಲಿ ಕಲ್ಲು ಕೊಡುತ್ತಾರೆ, ಎಲ್ಲರೂ ಅದನ್ನು ತಂದು ನನಗೆ ತೋರಿಸುತ್ತಾರೆ. ಕಲ್ಲಿಗಿಂತ ಮುಖ್ಯವಾದದ್ದು ಬಯಾಪ್ಸಿ ರಿಪೋರ್ಟ್. ತೆಗೆದ ಚೀಲವನ್ನು ಪರೀಕ್ಷೆಗೆ ಕಳುಹಿಸಿರುತ್ತಾರೆ, ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಸಿಗುವುದುಂಟು. ರಿಪೋರ್ಟ್ ಬರಲು ಕೆಲವು ದಿನ ಬೇಕು, ಅಷ್ಟರಲ್ಲಿ ನೀವು ಮನೆಗೆ ಬಂದಿರುತ್ತೀರಿ, ಮೈಸೂರಿನಿಂದ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಹೊಲಿಗೆ ತೆಗೆಸಲು ಹೋದಾಗ ಕೇಳಿ ತೆಗೆದುಕೊಂಡು, ಡಾಕ್ಟರಿಂದಲೇ ಓದಿಸಿಕೊಂಡು ಬನ್ನಿ.